ಪಂಪಿಂಗ್ ಸರಿ ಇದ್ದರೂ ದಮ್ಮು ಹತ್ತುವುದೇಕೆ?

ದಾವಣಗೆರೆ ಮಂಡಿಪೇಟೆಯಲ್ಲಿ ರಾತ್ರಿ ಅಂಗಡಿ ಬಾಗಿಲು ಎಳೆದು ಹರಿಹರದ ಬಸ್ಸಿಗೆ ಓಡುವವರನ್ನು ಒಂದು ದಿನ ನಿಂತು ನೋಡಬೇಕು. ಹೊಟ್ಟೆ ಮುಂದೆ, ಆಸಾಮಿ ಹಿಂದೆ! ಬಸ್ಸಿನ ಮೆಟ್ಟಿಲು ಹತ್ತುವಷ್ಟರಲ್ಲಿ ಕಂಬಿ ಹಿಡಿದು ನಿಂತುಬಿಡುತ್ತಾರೆ. "ಯಾಕ್ರೀ ಸಾವ್ಕಾರ್ರೆ, ದಮ್ಮು ಹತ್ತೇತಲ್ಲ?" ಎಂದು ಪಕ್ಕದವರು ಕೇಳಿದರೆ, "ಏನಿಲ್ಲ ಬಿಡ್ರಿ, ವಯಸ್ಸಾತು. ಮೊನ್ನೆ ಎಕೋ ಮಾಡ್ಸೀನಿ, ಪಂಪಿಂಗ್ ಅರವತ್ತೈತಂತೆ" ಎಂಬ ಉತ್ತರ ತಯಾರಾಗಿಯೇ ಇರುತ್ತದೆ.

ಪಂಪಿಂಗ್ ಅರವತ್ತು ಇದ್ದರೆ ಒಳ್ಳೆಯದೇ. ಆದರೆ ಅದು ಅರ್ಧ ಲೆಕ್ಕ. ಹೃದಯಕ್ಕೆ ಎರಡು ಕೆಲಸ: ರಕ್ತವನ್ನು ಹಿಂಡಿ ಹೊರಹಾಕುವುದು, ಮತ್ತೆ ಸಡಿಲಾಗಿ ತುಂಬಿಕೊಳ್ಳುವುದು. ಪಂಪಿಂಗ್ ಅಂಕಿ ಹೇಳುವುದು ಹಿಂಡುವುದನ್ನು ಮಾತ್ರ. ಬೊಜ್ಜಿನ ಮೈಯಲ್ಲಿ ಎಷ್ಟೋ ಸಲ ಮೊದಲು ಕೈಕೊಡುವುದು ಸಡಿಲಾಗುವ ಕೆಲಸ. ಹೃದಯ ಬಿಗಿಯಾಗಿಯೇ ಉಳಿದರೆ ಬರುವ ರಕ್ತಕ್ಕೆ ಜಾಗವಿಲ್ಲ. ಅದು ಹಿಂದಕ್ಕೆ, ಶ್ವಾಸಕೋಶದ ಕಡೆಗೆ ಒತ್ತುತ್ತದೆ. ದಮ್ಮು ಹತ್ತುವುದು ಆಗ.

ಬಿಗಿಯಾಗುವುದೇಕೆ? ಅದಕ್ಕೆ ಹೃದಯದ ಒಂದೊಂದು ಜೀವಕೋಶದ ಒಳಗೆ ಇಣುಕಬೇಕು. ಸುಮಾರು 300 ಗ್ರಾಂ ತೂಗುವ ಈ ಮಾಂಸದ ಮುದ್ದೆ ದಿನಕ್ಕೆ ಲಕ್ಷ ಸಲ ಬಡಿಯುತ್ತದೆ. ಅದಕ್ಕೆ ವಾರದ ರಜೆಯೂ ಇಲ್ಲ, ಹಬ್ಬದ ರಜೆಯೂ ಇಲ್ಲ. ಆದ್ದರಿಂದಲೇ ಅದರ ಸ್ನಾಯುಕೋಶದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಜಾಗವನ್ನು ಶಕ್ತಿ ತಯಾರಿಸುವ ಪುಟ್ಟ ಒಲೆಗಳೇ ಆಕ್ರಮಿಸಿವೆ. ಮೈಟೊಕಾಂಡ್ರಿಯಾ ಎಂದು ಅವುಗಳ ಹೆಸರು. ಅಲ್ಲಿ ತಯಾರಾಗುವ ಎಟಿಪಿ ಎಂಬ ಶಕ್ತಿಯ ಸರಕಿನ ದಾಸ್ತಾನು ಯಾವ ಹೊತ್ತಿಗೂ ಕೆಲವು ಸೆಕೆಂಡಿಗೆ ಸಾಲುವಷ್ಟೇ. ಆದರೆ ದಿನದ ವಹಿವಾಟು ಕಿಲೋಗಟ್ಟಲೆ! ಅದೇ ನೋಟು ಬಜಾರಿನಲ್ಲಿ ಬೆಳಗಿನಿಂದ ಸಂಜೆತನಕ ಕೈ ಬದಲಾಯಿಸಿದ ಹಾಗೆ.

ಈ ಒಲೆಗೆ ಕೊಬ್ಬೂ ಆದೀತು, ಸಕ್ಕರೆಯೂ ಆದೀತು. ಆರೋಗ್ಯವಂತ ಹೃದಯ ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ಕೊಬ್ಬಿನಿಂದಲೇ ಪಡೆಯುತ್ತದೆ, ಸಮಯ ಬಂದರೆ ಸಕ್ಕರೆಗೆ ಹೊರಳುತ್ತದೆ. ಬೊಜ್ಜು ಬಂದವರ ರಕ್ತದಲ್ಲಿ ಕೊಬ್ಬು ಬೇಡವೆಂದರೂ ಬಂದು ಸುರಿಯುತ್ತದೆ, ಇನ್ಸುಲಿನ್ ಮಾತು ಜೀವಕೋಶದ ಕಿವಿಗೆ ಬೀಳುವುದಿಲ್ಲ, ಸಕ್ಕರೆ ಹೊಸ್ತಿಲಾಚೆ ಉಳಿಯುತ್ತದೆ. ಕೊಬ್ಬನ್ನೇ ಉರಿಸಿ ಅಷ್ಟೇ ಶಕ್ತಿ ಪಡೆಯಲು ಆಮ್ಲಜನಕ ಹೆಚ್ಚು ಬೇಕು. ಉರಿಯದೆ ಮಿಕ್ಕಿದ ಕೊಬ್ಬು ಹನಿಹನಿಯಾಗಿ ಕೋಶದೊಳಗೇ ನಿಲ್ಲುತ್ತದೆ. ಗೋದಾಮು ತುಂಬಿ ಅಂಗಡಿಯ ಓಡಾಡುವ ದಾರಿಗೂ ಮೂಟೆ ಪೇರಿಸಿದರೆ ವ್ಯಾಪಾರ ಹೇಗೆ ನಡೆದೀತು? ಇದೇ ಕೊಬ್ಬಿನಿಂದ ಸೆರಮೈಡ್‌ನಂತಹ ವಿಷಕಾರಿ ಪದಾರ್ಥ ಹುಟ್ಟುತ್ತದೆ, ಒಲೆಗಳಿಂದ ಕಿಡಿ ಹಾರಿ ಒಲೆಗಳೇ ಸುಡುತ್ತವೆ.

ಸ್ನಾಯುಕೋಶ ಬಿಗಿಯಾಗುವುದು ಅದರೊಳಗೆ ಕ್ಯಾಲ್ಸಿಯಂ ಹರಿದಾಗ. ಸಡಿಲಾಗಬೇಕಾದರೆ ಆ ಕ್ಯಾಲ್ಸಿಯಂ ಅನ್ನು ಎತ್ತಿ ಮತ್ತೆ ಅದರ ಕೋಣೆಗೆ ತುಂಬಬೇಕು. ಹೌದು ಸ್ವಾಮಿ, ಸಡಿಲಾಗುವುದಕ್ಕೂ ಶಕ್ತಿ ಖರ್ಚು! ಶಕ್ತಿಯ ಪೂರೈಕೆ ಕುಂಟಿದಾಗ ಈ ಕೆಲಸ ನಿಧಾನವಾಗುತ್ತದೆ. ಸತ್ತ ಕೋಶದ ಜಾಗಕ್ಕೆ ನಾರು ಬಂದು ಕೂತರೆ ಬಿಗಿ ಇನ್ನಷ್ಟು. ಹೊಸ ಕೋಶ ಹುಟ್ಟುತ್ತದೆಂದು ಕಾಯುವಂತಿಲ್ಲ. ದೊಡ್ಡವರ ಹೃದಯದಲ್ಲಿ ವರ್ಷಕ್ಕೆ ನೂರಕ್ಕೆ ಒಂದರಷ್ಟು ಹುಟ್ಟಿದರೆ ಹೆಚ್ಚು.

ಬಸ್ ಮೆಟ್ಟಿಲಿನ ಗುಟ್ಟನ್ನು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನವರು 2020ರಲ್ಲಿ ಪ್ರಕಟಿಸಿದರು. ಎದೆ ಕೊಯ್ಯದೆ, ಅಯಸ್ಕಾಂತದ ಸ್ಕ್ಯಾನಿನಲ್ಲೇ ಹೃದಯದ ಶಕ್ತಿ ಸಾಗಣೆಯನ್ನು ಅಳೆದರು. ಬೊಜ್ಜಿನವರ ಹೃದಯ ಸುಮ್ಮನೆ ಮಲಗಿದ್ದಾಗಲೇ ಓವರ್‌ಟೈಮ್ ದುಡಿಯುತ್ತಿತ್ತು. ಔಷಧ ಕೊಟ್ಟು ಬಡಿತ ಏರಿಸಿದಾಗ ತೆಳ್ಳಗಿನವರ ಹೃದಯ ಸಾಗಣೆ ಹೆಚ್ಚಿಸಿತು, ಇವರದಕ್ಕೆ ಆಗಲಿಲ್ಲ. ಆಪತ್ಕಾಲಕ್ಕೆಂದು ಇಟ್ಟ ಗಂಟನ್ನು ದಿನದ ಖರ್ಚಿಗೇ ಬಿಚ್ಚಿದ್ದರೆ ಮದುವೆ ಖರ್ಚಿಗೆ ಎಲ್ಲಿಂದ ತಂದಾರು? ಆದರೆ ತೂಕ ಇಳಿಸಿದವರಲ್ಲಿ ಆ ಓವರ್‌ಟೈಮ್ ತಗ್ಗಿ ಮಾಮೂಲಿಗೆ ಬಂತೆಂಬುದನ್ನೂ ಅವರೇ ಕಂಡರು.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಲೆಕ್ಕ ಇದಕ್ಕೂ ಹಳೆಯದು. 5,881 ಜನರನ್ನು ಸರಾಸರಿ 14 ವರ್ಷ ಗಮನಿಸಿ 2002ರಲ್ಲಿ ಹೇಳಿದ್ದು: ಬೊಜ್ಜು ಇದ್ದವರಿಗೆ ಹೃದಯ ಸೋಲುವ ಅಪಾಯ ಎರಡರಷ್ಟು.

"ನಾನೇನು ಅಷ್ಟು ದಪ್ಪ ಇಲ್ಲವಲ್ಲ" ಎನ್ನುವವರಿಗೆ ಪುಣೆಯ ಡಾಕ್ಟರ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾಕ್ಟರ್ ಯುಡ್ಕಿನ್ ಅವರ ಫೋಟೋ ತೋರಿಸಬೇಕು. ಇಬ್ಬರೂ ಪಕ್ಕಪಕ್ಕ ನಿಂತು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದು ಅದು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಇಬ್ಬರದೂ 22.3. ಮೈಯ ಕೊಬ್ಬು ಮಾತ್ರ ಲಂಡನ್ನಿನವರದು ಶೇ. 9.1, ಪುಣೆಯವರದು ಶೇ. 21.2! ಅದಕ್ಕೇ ಭಾರತೀಯರಿಗೆ ತೂಕದ ಜೊತೆ ಸೊಂಟವನ್ನೂ ಅಳೆಯಬೇಕೆನ್ನುವುದು: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅಷ್ಟೇ ಗಡಿ. ಚೌಕಿಪೇಟೆಯ ಬಟ್ಟೆ ಅಂಗಡಿ ಟೇಪೇ ಸಾಕು. ಪ್ಯಾಂಟಿನ ಅಳತೆ ನಂಬಬಾರದು. ಬೆಲ್ಟು ಹೊಟ್ಟೆಯ ಕೆಳಗೆ ಜಾರಿ ಎಷ್ಟು ವರ್ಷವಾಯಿತೋ!

ಬೆಣ್ಣೆದೋಸೆಯೊಂದರ ಮೇಲೆ ಗೂಬೆ ಕೂರಿಸಿ ಪ್ರಯೋಜನವಿಲ್ಲ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಗಲ್ಲೆಯ ಮುಂದೆ ಕೂತೇ ಇರುವುದು, ನಡುವೆ ಸಕ್ಕರೆ ಹಾಕಿದ ಐದಾರು ಚಾ, ಸಂಜೆಗೆ ಮಂಡಕ್ಕಿ-ಮಿರ್ಚಿ, ಹತ್ತೂವರೆಗೆ ಊಟ, ಕೂಡಲೇ ಹಾಸಿಗೆ. ಕೊಬ್ಬು ಉರಿಯುವುದಕ್ಕೆ ಹೊತ್ತಾದರೂ ಎಲ್ಲಿದೆ?

ಸಮತಟ್ಟಿನಲ್ಲಿ ನಡೆದರೂ ದಮ್ಮು ಹತ್ತಿದರೆ, ಅಂಗಾತ ಮಲಗಲಾಗದೆ ಎರಡು ದಿಂಬು ಬೇಕೆನಿಸಿದರೆ, ಸಂಜೆಗೆ ಪಾದ ಊದಿ ಚಪ್ಪಲಿ ಬಿಗಿಯಾದರೆ ವಯಸ್ಸಿನ ಮೇಲೆ ಹಾಕದೆ ಡಾಕ್ಟರ ಬಳಿ ಹೋಗಬೇಕು. ಎಕೋ ರಿಪೋರ್ಟು ಕೈಗೆ ಬಂದಾಗ "ಪಂಪಿಂಗ್ ಎಷ್ಟೈತಿ?" ಎಂದು ಕೇಳಿ ಎದ್ದು ಬರದೆ, "ಹೃದಯ ಸರಿಯಾಗಿ ಸಡಿಲ ಆಗ್ತೈತೇನ್ರಿ ಡಾಕ್ಟರೇ?" ಎಂದೂ ಕೇಳಬೇಕು. ಅದರ ವಿವರವೂ ಸಾಮಾನ್ಯವಾಗಿ ಅದೇ ರಿಪೋರ್ಟಿನಲ್ಲಿ ಇರುತ್ತದೆ.