ಬಿಸಿಲನ್ನೂ ನೆರಳನ್ನೂ ಒಂದೇ ಚಿತ್ರದಲ್ಲಿ ಹಿಡಿಯುವ ಬಗೆ

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಲ್ಲಿ ಕಲ್ಲೇಶ್ವರ ದೇವಾಲಯವಿದೆ. ಹತ್ತನೆಯ ಶತಮಾನದ ಈ ದೇವಾಲಯದ ಸಭಾಮಂಟಪದಲ್ಲಿ ಕಡೆದು ನುಣುಪುಗೊಳಿಸಿದ ಕಂಬಗಳು ಸಾಲುಸಾಲಾಗಿ ನಿಂತಿವೆ. ಮಧ್ಯಾಹ್ನದ ಹೊತ್ತು ಮಂಟಪದ ಒಳನೆರಳಿನಲ್ಲಿ ನಿಂತು ಹೊರಗೆ ನೋಡಿದರೆ ಕಂಬದ ಮೇಲಿನ ಕೆತ್ತನೆಯೂ ಕಾಣುತ್ತದೆ, ಅಂಗಳದ ಬಿಸಿಲೂ ಕಾಣುತ್ತದೆ. ಅದೇ ಸ್ಥಳದಿಂದ ಕ್ಯಾಮೆರಾದಲ್ಲಿ ಚಿತ್ರ ತೆಗೆದರೋ, ಎರಡರಲ್ಲಿ ಒಂದು ಕೆಡುತ್ತದೆ. ಕಂಬ ಸರಿಯಾಗಿ ಮೂಡಿದರೆ ಅಂಗಳ ಬರಿಯ ಬಿಳಿ ಕಾಗದ. ಅಂಗಳ ಸರಿಯಾಗಿ ಮೂಡಿದರೆ ಕಂಬ ಬರಿಯ ಮಸಿ. ಕಣ್ಣಿಗೆ ಸಾಧ್ಯವಾದುದು ಕ್ಯಾಮೆರಾಕ್ಕೆ ಏಕೆ ಸಾಧ್ಯವಿಲ್ಲ?

ಕಣ್ಣು ಒಂದೇ ನೋಟದಲ್ಲಿ ಎಲ್ಲವನ್ನೂ ಕಾಣುವುದಿಲ್ಲ. ಅದು ಕಂಬದಿಂದ ಅಂಗಳಕ್ಕೆ ಹೊರಳುತ್ತ, ಹೊರಳಿದಲ್ಲೆಲ್ಲ ತನ್ನನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಕ್ಯಾಮೆರಾದ ಸಂವೇದಕಕ್ಕೆ ಆ ಅವಕಾಶವಿಲ್ಲ. ಸಂವೇದಕವೆಂದರೆ ಮಳೆಯಲ್ಲಿ ಒತ್ತೊತ್ತಾಗಿ ಇಟ್ಟ ಲಕ್ಷಾಂತರ ಬಟ್ಟಲುಗಳೆಂದು ಭಾವಿಸೋಣ. ಒಂದೊಂದು ಬಟ್ಟಲೂ ಒಂದೊಂದು ಪಿಕ್ಸೆಲ್. ಬೆಳಕು ಬಿದ್ದಂತೆ ಅದರಲ್ಲಿ ಎಲೆಕ್ಟ್ರಾನುಗಳು ತುಂಬುತ್ತವೆ. ಬಿರುಮಳೆ ಬಿದ್ದ ಕಡೆ ಬಟ್ಟಲು ತುಂಬಿ ಚೆಲ್ಲುತ್ತದೆ. ಚೆಲ್ಲಿದ ಮೇಲೆ ಎಷ್ಟು ಸುರಿಯಿತೆಂದು ತಿಳಿಯುವ ಬಗೆಯಿಲ್ಲ. ಹನಿ ಬಿದ್ದ ಕಡೆ ಬಟ್ಟಲಿನ ತಳ ಮಾತ್ರ ಒದ್ದೆಯಾಗುತ್ತದೆ. ಅಷ್ಟು ಅಲ್ಪವಾದುದನ್ನು ಉಪಕರಣದ ಸ್ವಂತ ಗದ್ದಲದಿಂದ ಬೇರ್ಪಡಿಸಲು ಬರುವುದಿಲ್ಲ.

ಉಪಾಯ ಸರಳ. ಬಿರುಮಳೆಯಲ್ಲಿ ಬಟ್ಟಲನ್ನು ಕ್ಷಣಕಾಲ ಇಡಬೇಕು. ತುಂತುರಿನಲ್ಲಿ ಬಹಳ ಹೊತ್ತು ಇಡಬೇಕು. ಆಮೇಲೆ ಪ್ರತಿಯೊಂದನ್ನೂ ಇಟ್ಟ ಕಾಲದಿಂದ ಭಾಗಿಸಬೇಕು. ಕಂಬದ ಪಿಕ್ಸೆಲಿನಲ್ಲಿ 2 ಸೆಕೆಂಡುಗಳಲ್ಲಿ 2,000 ಎಲೆಕ್ಟ್ರಾನುಗಳು ಸೇರಿದವೆನ್ನೋಣ. ಸೆಕೆಂಡಿಗೆ 1,000 ಆಯಿತು. ಅಂಗಳದ ಪಿಕ್ಸೆಲಿನಲ್ಲಿ ಸೆಕೆಂಡಿನ 500ರಲ್ಲಿ ಒಂದು ಭಾಗದಷ್ಟು ಕಾಲದಲ್ಲೇ 20,000 ಸೇರಿದರೆ, ಸೆಕೆಂಡಿಗೆ ಒಂದು ಕೋಟಿ ಆಯಿತು. ಎರಡಕ್ಕೂ ಹತ್ತು ಸಾವಿರ ಪಟ್ಟು ಅಂತರವಿದ್ದರೂ ಎರಡೂ ನಂಬಬಹುದಾದ ಅಳತೆಗಳೇ. ಅಧಿಕ ಪ್ರಕಾಶವ್ಯಾಪ್ತಿಯ ಛಾಯಾಗ್ರಹಣ, ಅಂದರೆ ಎಚ್.ಡಿ.ಆರ್., ಎಂಬುದರ ಮರ್ಮವೆಲ್ಲ ಈ ಭಾಗಾಕಾರದಲ್ಲಿದೆ.

ಈ ಯೋಚನೆ ಹೊಸದೇನಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಇದೇ ಸೀಮೆಯ ಹಂಪಿಯನ್ನು ಕಾಗದದ ನೆಗಟಿವುಗಳಲ್ಲಿ ಚಿತ್ರಿಸಿದ. ಅಂದಿನ ಲೇಪನಗಳು ನೀಲಿ ಬೆಳಕಿಗೆ ಹೆಚ್ಚಾಗಿ ಸ್ಪಂದಿಸುತ್ತಿದ್ದವು. ಕಲ್ಲು ಮೂಡುವಷ್ಟರಲ್ಲಿ ಆಕಾಶ ಮಿತಿಮೀರುತ್ತಿತ್ತು. ಅದೇ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರಕ್ಕೆ ಒಂದು ನೆಗಟಿವ್, ಆಕಾಶಕ್ಕೆ ಇನ್ನೊಂದು ಎಂದು ತೆಗೆದು ಒಂದೇ ಕಾಗದದ ಮೇಲೆ ಮುದ್ರಿಸಿದ. ಗಣಿತದ ದಾರಿ ಬಹಳ ತಡವಾಗಿ ಬಂದಿತು. 1997ರಲ್ಲಿ ಪಾಲ್ ಡಿಬೆವೆಕ್ ಮತ್ತು ಕಾನ್ಪುರದ ಐ.ಐ.ಟಿ.ಯಲ್ಲಿ ಓದಿದ ಜಿತೇಂದ್ರ ಮಲಿಕ್, ಹಲವು ಚಿತ್ರಗಳಿಂದ ದೃಶ್ಯದ ನಿಜವಾದ ಪ್ರಕಾಶವನ್ನು ಲೆಕ್ಕಹಾಕುವ ಕ್ರಮವನ್ನು ಪ್ರಕಟಿಸಿದರು.

ಇನ್ನು ಪ್ರಯೋಗ. ನಮ್ಮ ವಿದ್ಯಾರ್ಥಿಗಳೊಡನೆ ಬಾಗಳಿಗೆ ಹೋದಾಗ ಮಸೂರದ ದ್ವಾರವನ್ನು ಎಫ್/8ಕ್ಕೂ ಐ.ಎಸ್.ಒ. ಅನ್ನು 100ಕ್ಕೂ ನಿಲ್ಲಿಸಿ ಅಳೆದೆವು. ಅಂಗಳಕ್ಕೆ 1/500 ಸೆಕೆಂಡ್, ಒಳಗಿನ ಕಂಬಕ್ಕೆ 2 ಸೆಕೆಂಡ್ ಬೇಕಾಯಿತು. ಇದು ಸಾವಿರ ಪಟ್ಟು, ಅಂದರೆ ಸುಮಾರು ಹತ್ತು ಇಮ್ಮಡಿ. ಛಾಯಾಗ್ರಾಹಕರು ಒಂದೊಂದು ಇಮ್ಮಡಿಯನ್ನೂ ಒಂದು ಸ್ಟಾಪ್ ಎನ್ನುತ್ತಾರೆ. ಎರಡೆರಡು ಸ್ಟಾಪಿನ ಮೆಟ್ಟಿಲುಗಳಲ್ಲಿ 1/500, 1/125, 1/30, 1/8, 1/2 ಮತ್ತು 2 ಸೆಕೆಂಡುಗಳ ಆರು ಚಿತ್ರಗಳನ್ನು ತೆಗೆದೆವು. ಬದಲಿಸಬೇಕಾದುದು ಕಾಲವನ್ನು ಮಾತ್ರ. ದ್ವಾರವನ್ನು ಬದಲಿಸಿದರೆ ಚಿತ್ರದ ಸ್ಪಷ್ಟತೆಯ ಆಳವೇ ಬೇರೆಯಾಗಿ ಚಿತ್ರಗಳು ಒಂದಕ್ಕೊಂದು ಕೂಡುವುದಿಲ್ಲ. ಮೂರು ಕಾಲಿನ ಸ್ಟ್ಯಾಂಡ್ ಬೇಕೇ ಬೇಕು. ಮೊದಲ ಸಲ ನಾವು ಕ್ಯಾಮೆರಾವನ್ನು ಜಗತಿಯ ಅಂಚಿನ ಮೇಲಿಟ್ಟು ಗುಂಡಿ ಒತ್ತಿದೆವು. ಒತ್ತಿದ ಬೆರಳಿನಿಂದಲೇ ಅದು ಅಲುಗಿ, ಆರೂ ಚಿತ್ರಗಳು ವ್ಯರ್ಥವಾದವು. ಸೆಲ್ಫ್-ಟೈಮರ್ ಬಳಸಿದರೆ ಈ ತೊಂದರೆ ಇಲ್ಲ. ಸಾಧ್ಯವಿದ್ದಲ್ಲಿ, ಸಂವೇದಕದ ಅಳತೆಗಳನ್ನು ಹಾಗೆಯೇ ಇರಿಸುವ ‘ರಾ’ ಕಡತದಲ್ಲಿ ಚಿತ್ರ ತೆಗೆಯುವುದು ಲೇಸು.

ಚಲಿಸುವ ವಸ್ತುಗಳಿಗೆ ಈ ಕ್ರಮ ಒಗ್ಗದು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಪಕ್ಷಿಧಾಮ. ಅಲ್ಲಿ ಹಾರುವ ಹಕ್ಕಿಯನ್ನು ಆರು ಸಲ ಹಿಡಿದರೆ ಆರು ಪ್ರೇತಗಳು ಮೂಡಿಯಾವು. ಕೊಟ್ಟೂರಿನ ರಥೋತ್ಸವದ ಜನಸಂದಣಿಯೂ, ಗಾಳಿಗೆ ತಲೆದೂಗುವ ಹಡಗಲಿಯ ಮಲ್ಲಿಗೆಯೂ ಹೀಗೆಯೇ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಬಂಡೆಗಳಾದರೋ ಅಲುಗುವುದಿಲ್ಲ. ಆದರೆ ಮುಂಜಾನೆಯ ಹದವಾದ ಬೆಳಕಿನಲ್ಲಿ ಅವುಗಳಿಗೆ ಒಂದೇ ‘ರಾ’ ಚಿತ್ರ ಸಾಕು.

ಚಿತ್ರಗಳನ್ನು ಕೂಡಿಸಲು ‘ಲ್ಯೂಮಿನೆನ್ಸ್ ಎಚ್.ಡಿ.ಆರ್.’ ಎಂಬ ಉಚಿತ ತಂತ್ರಾಂಶವಿದೆ. ಆರನ್ನೂ ಅದಕ್ಕೆ ಒಪ್ಪಿಸಿ, ಒಂದರ ಮೇಲೊಂದು ಹೊಂದಿಸಲು ಹೇಳಿದರೆ ಭಾಗಾಕಾರವನ್ನು ಅದೇ ಮಾಡುತ್ತದೆ. ಇಲ್ಲಿ ಒಂದು ಹೊಸ ತೊಡಕು. ಕಾಗದದ ಮೇಲಿನ ಅತ್ಯಂತ ಬಿಳುಪಿಗೂ ಅತ್ಯಂತ ಕಪ್ಪಿಗೂ ಇರುವ ಅಂತರ ಹೆಚ್ಚೆಂದರೆ ಸುಮಾರು ನೂರು ಪಟ್ಟು. ಹತ್ತು ಸಾವಿರವನ್ನು ನೂರರೊಳಗೆ ಕುಗ್ಗಿಸಬೇಕು! ಇದಕ್ಕೆ ಟೋನ್ ಮ್ಯಾಪಿಂಗ್ ಎಂದು ಹೆಸರು. ತಂತ್ರಾಂಶದಲ್ಲಿ ‘ರೈನ್‌ಹಾರ್ಡ್’, ‘ಮಾಂಟಿಯುಕ್’ ಮುಂತಾದ ಹಲವು ಸೂತ್ರಗಳಿವೆ. ಕೆಲವು ಇಡೀ ಚಿತ್ರಕ್ಕೆ ಒಂದೇ ನಿಯಮವನ್ನು ಅನ್ವಯಿಸುತ್ತವೆ. ಕೆಲವು ನೆರೆಯ ಪಿಕ್ಸೆಲುಗಳನ್ನು ನೋಡಿ ಕಡೆಕಡೆಗೆ ಬೇರೆ ಬೇರೆಯಾಗಿ ಕುಗ್ಗಿಸುತ್ತವೆ. ಎರಡನೆಯವು ಕೆತ್ತನೆಯ ವಿವರಗಳನ್ನು ಎತ್ತಿ ತೋರಿಸುತ್ತವೆ. ಆದರೆ ಮಿತಿಮೀರಿದರೆ ಕಂಬದ ಅಂಚಿನಲ್ಲಿ ಇಲ್ಲದ ಪ್ರಭಾವಳಿ ಏಳುತ್ತದೆ, ಕಲ್ಲಿನ ಸಣ್ಣ ಗೀರೂ ಬಿರುಕಿನಂತೆ ತೋರುತ್ತದೆ.

ಇದು ಕೇವಲ ಅಭಿರುಚಿಯ ಪ್ರಶ್ನೆಯಲ್ಲ. 1896ರಲ್ಲಿ ಅಲೆಕ್ಸಾಂಡರ್ ರೀ ಆಗಿನ ಬಳ್ಳಾರಿ ಜಿಲ್ಲೆಯ ಚಾಲುಕ್ಯ ದೇವಾಲಯಗಳನ್ನು ಕುರಿತು ಚಿತ್ರಸಹಿತ ಗ್ರಂಥವೊಂದನ್ನು ಪ್ರಕಟಿಸಿದರು. ಬಾಗಳಿಯೂ ಕುರುವತ್ತಿಯೂ ಅದರಲ್ಲಿವೆ. ಕೆತ್ತನೆ ಅಂದಿನಿಂದ ಎಷ್ಟು ಸವೆದಿದೆ ಎಂದು ತಿಳಿಯಬೇಕಾದವರು ಅಂಥ ಪುಟಗಳನ್ನೇ ತೆರೆಯಬೇಕು. ನಾಳೆ ಯಾರಾದರೂ ಹಾಗೆಯೇ ನಮ್ಮ ಚಿತ್ರಗಳನ್ನು ತೆರೆದರೆ, ತಂತ್ರಾಂಶ ಆಳಗೊಳಿಸಿದ ಗೀರನ್ನು ಕಾಲ ಮಾಡಿದ ಗಾಯವೆಂದು ತಿಳಿದಾರು. ಮೊಬೈಲಿನಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅದು ಕೂಡಿಸುವ ಕೆಲಸವನ್ನೂ ಕುಗ್ಗಿಸುವ ಕೆಲಸವನ್ನೂ ಕಣ್ಣು ಮಿಟುಕಿಸುವುದರೊಳಗೆ ಮುಗಿಸಿ, ಸಾಮಾನ್ಯವಾಗಿ ಕೊನೆಯ ಚಿತ್ರವನ್ನಷ್ಟೇ ನಮ್ಮ ಕೈಗೆ ಕೊಡುತ್ತದೆ.

ಆದುದರಿಂದ ನಮ್ಮ ವಿದ್ಯಾರ್ಥಿಗಳು ಪ್ರತಿ ಕಂಬಕ್ಕೂ ಒಂದು ಫೋಲ್ಡರ್ ಮಾಡುತ್ತಾರೆ. ಅದರಲ್ಲಿ ಮುಟ್ಟದ ಆರು ‘ರಾ’ ಕಡತಗಳು, ಕೂಡಿಸಿದ ಕಡತ, ಗೋಡೆಗೆ ಹಾಕಲು ಸಿದ್ಧಪಡಿಸಿದ ಚಿತ್ರ, ಮತ್ತು ತಾರೀಖು, ವೇಳೆ, ಬಳಸಿದ ಸೂತ್ರ, ಅದಕ್ಕೆ ಕೊಟ್ಟ ಅಂಕಿಗಳನ್ನು ಬರೆದ ಒಂದು ಪುಟ ಇರುತ್ತವೆ.