ಕೀಬೋರ್ಡಿಗೆ ಗಮಕ ಬಂದೀತೇ?

ಯಾವ ಕಂಪನಿಯದೇ ಇರಲಿ, ನಮ್ಮ ಕಡೆ ಅದಕ್ಕೆ ‘ಕ್ಯಾಸಿಯೊ’ ಎಂದೇ ಹೆಸರು. ಗಣೇಶೋತ್ಸವದ ಆರ್ಕೆಸ್ಟ್ರಾ, ಸುಗಮ ಸಂಗೀತದ ವೇದಿಕೆ, ಶಾಲೆಯ ವಾರ್ಷಿಕೋತ್ಸವ... ಎಲ್ಲೆಲ್ಲೂ ಅದು ಹಾಜರು. ಬೇಸಿಗೆ ರಜೆ ಬಂತೆಂದರೆ ‘ಮಗುವಿಗೊಂದು ಕೀಬೋರ್ಡ್ ಕೊಡಿಸೋಣವೇ?’ ಎಂಬ ಮಾತು ಅನೇಕ ಮನೆಗಳಲ್ಲಿ ಶುರುವಾಗುತ್ತದೆ. ಅಂಗಡಿಗೆ ಹೋದರೆ ಮೊದಲು ಕೇಳಿಸುವುದು ಲೆಕ್ಕ: ಇಷ್ಟು ನೂರು ದನಿ, ಇಷ್ಟು ರಿದಂ, ಇಷ್ಟು ಹಾಡು!

ಆದರೆ ಕೀಬೋರ್ಡನ್ನು ಗಂಭೀರವಾಗಿ ನುಡಿಸುವವರ, ಕಲಿಸುವವರ ಬೇಡಿಕೆ ಬೇರೆಯೇ. ದನಿಗಳು ಈಗಿರುವಷ್ಟೇ ಸಾಕು. ಕಡಿಮೆ ಬೆಲೆಯ ವಾದ್ಯಕ್ಕೂ ನಮ್ಮ ಸಂಗೀತದಂತೆ ಬಾಗುವ, ಬಳುಕುವ ಗುಣ ಬರಲಿ ಎಂಬುದೇ ಅವರ ನಿರೀಕ್ಷೆ.

ಆಟಿಕೆಯಲ್ಲ

ಕ್ಯಾಸಿಯೊ ಕಂಪನಿಯ ಮೊದಲ ಕೀಬೋರ್ಡ್ ಕ್ಯಾಸಿಯೊಟೋನ್ 201 ಮಾರುಕಟ್ಟೆಗೆ ಬಂದದ್ದು 1980ರಲ್ಲಿ. ಮರುವರ್ಷವೇ ಬಂದ ಎಂಟಿ-40 ಎಂಬ ಪುಟ್ಟ ಕೀಬೋರ್ಡಿನ ಕಥೆ ಸ್ವಾರಸ್ಯಕರ. ಅದರ ‘ರಾಕ್’ ಲಯವನ್ನು ರೂಪಿಸಿದವರು ಹಿರೋಕೊ ಒಕುಡಾ ಎಂಬ ಯುವತಿ, ಕಂಪನಿಯ ಹೊಸ ಉದ್ಯೋಗಿ. 1985ರಲ್ಲಿ ಜಮೈಕಾದ ಗಾಯಕ ವೇಯ್ನ್ ಸ್ಮಿತ್ ಅದೇ ಲಯದ ಮೇಲೆ ಒಂದು ಹಾಡು ಕಟ್ಟಿದರು. ಅಲ್ಲಿನ ರೆಗೆ ಸಂಗೀತದ ದಿಕ್ಕೇ ಬದಲಾಯಿತು! ಕಾರ್ಖಾನೆಯಲ್ಲಿ ಒಬ್ಬರು ತೆಗೆದುಕೊಂಡ ಸಣ್ಣ ನಿರ್ಧಾರ ದೂರದ ದ್ವೀಪವೊಂದರ ಸಂಗೀತವನ್ನು ಬದಲಿಸಿತು. ಹಾಗಾದರೆ ಆ ಕಾರ್ಖಾನೆಯವರು ನಮ್ಮ ಸಂಗೀತವನ್ನೂ ಮನಸ್ಸಿನಲ್ಲಿಟ್ಟುಕೊಂಡರೆ?

ವರ್ಣದ ತನಕ ಸುಗಮ

ಕರ್ನಾಟಕ ಸಂಗೀತದ 72 ಮೇಳಕರ್ತಗಳೂ 12 ಸ್ವರಸ್ಥಾನಗಳ ಮೇಲೆ ನಿಂತಿವೆ. ಕೀಬೋರ್ಡಿನಲ್ಲೂ ಒಂದು ಸ್ಥಾಯಿಗೆ 12 ಮನೆಗಳು – ಏಳು ಬಿಳಿ, ಐದು ಕಪ್ಪು. ಮಾಯಾಮಾಳವಗೌಳದ ಸರಳೆ ವರಸೆ, ಜಂಟಿ ವರಸೆಗಳನ್ನು ಮಗು ನೇರ ಮನೆಗಳ ಮೇಲೆ ಚೆನ್ನಾಗಿಯೇ ನುಡಿಸುತ್ತದೆ. ಅಪ್ಪ ಅಮ್ಮಂದಿರಿಗೆ ಸಂತೋಷ.

ತೊಡಕು ಶುರುವಾಗುವುದು ಆಮೇಲೆ, ವರ್ಣ, ಕೃತಿಗಳಿಗೆ ಬಂದಾಗ. ತೋಡಿ ರಾಗದ ಗಾಂಧಾರ ಒಂದೆಡೆ ನಿಲ್ಲುವ ಸ್ವರವಲ್ಲ, ತೂಗುವ ಸ್ವರ. ವೀಣೆಯಲ್ಲಿ ತಂತಿ ಎಳೆದು, ಪಿಟೀಲಿನಲ್ಲಿ ಬೆರಳು ಜಾರಿಸಿ ಅದನ್ನು ತರಬಹುದು. ಕೀಬೋರ್ಡಿನ ಮನೆ ಒತ್ತಿದರೆ ಒಂದೇ ಸ್ವರ, ಕಂಬದಂತೆ ನೆಟ್ಟಗೆ! ಎರಡು ಮೂರು ವರ್ಷ ಹೀಗೆ ಕಲಿತ ಮಗುವಿನ ಕಿವಿ ಆ ನೆಟ್ಟಗಿನ ಸ್ವರವನ್ನೇ ಸರಿ ಎಂದುಕೊಂಡರೆ, ತಿದ್ದುವ ಹೊಣೆ ಗುರುಗಳ ತಲೆಗೆ.

ಇನ್ನೂ ಒಂದು ಸೂಕ್ಷ್ಮವಿದೆ. ತಂಬೂರಿಯ ಷಡ್ಜಕ್ಕೆ ಸಹಜವಾಗಿ ಕೂಡುವ ಅಂತರ ಗಾಂಧಾರದ ಪ್ರಮಾಣ 5:4. ಪಾಶ್ಚಾತ್ಯ ಪದ್ಧತಿಯಂತೆ ಎಲ್ಲ ಮನೆಗಳನ್ನೂ ಸಮ ಅಂತರದಲ್ಲಿ ಹಂಚಿರುವ ಕೀಬೋರ್ಡಿನಲ್ಲಿ ಅದು ಸುಮಾರು 14 ಸೆಂಟ್ ಏರಿರುತ್ತದೆ. ಅರ್ಧ ಸ್ವರವನ್ನು 100 ಭಾಗ ಮಾಡಿದರೆ ಒಂದು ಭಾಗಕ್ಕೆ ಸೆಂಟ್ ಎನ್ನುತ್ತಾರೆ. ತಂಬೂರಿ ಹಾಕಿಕೊಂಡು ಆ ಮನೆ ಒತ್ತಿ ಹಿಡಿದರೆ, ಪಳಗಿದ ಕಿವಿಗೆ ಈ ವ್ಯತ್ಯಾಸ ತಿಳಿಯುತ್ತದೆ.

ಹಾರ್ಮೋನಿಯಂ ಪಾಠ

ಈ ಆಕ್ಷೇಪ ಹೊಸದೇನಲ್ಲ. ಇಂಥದೇ ಕಾರಣಕ್ಕೆ 1940ರಲ್ಲಿ ಆಕಾಶವಾಣಿಯು ಹಾರ್ಮೋನಿಯಂ ಅನ್ನು ದೂರವಿಟ್ಟಿತು. ಆ ನಿಷೇಧ ಭಾಗಶಃ ಸಡಿಲವಾಗಲು 1971ರ ತನಕ ಕಾಯಬೇಕಾಯಿತು. ಆದರೆ ಕಂಪನಿ ನಾಟಕಗಳು ಪೇಟಿಯನ್ನು ಬಿಡಲಿಲ್ಲ. ಬೆಳಗಾವಿಯ ರಾಂಭಾವು ಬಿಜಾಪುರೆಯವರಂಥ ಕಲಾವಿದರು ಅದೇ ಪೇಟಿಗೆ ಗೌರವ ತಂದುಕೊಟ್ಟರು.

ಹೊರಗಿನಿಂದ ಬಂದ ಬೇರೆ ವಾದ್ಯಗಳನ್ನು ಕಲಾವಿದರೇ ತಿದ್ದಿಕೊಂಡದ್ದೂ ಉಂಟು. ಕದ್ರಿ ಗೋಪಾಲನಾಥ್ ಸ್ಯಾಕ್ಸೊಫೋನಿನಲ್ಲಿ ತಮಗೆ ಬೇಕಾದ ಮಾರ್ಪಾಡು ಮಾಡಿಕೊಂಡು ಗಮಕ ನುಡಿಸಿದರು. ಯು. ಶ್ರೀನಿವಾಸ್ ಐದು ತಂತಿಯ ವಿದ್ಯುತ್ ಮ್ಯಾಂಡೊಲಿನ್ ಹಿಡಿದು ಕಛೇರಿ ಗೆದ್ದರು. ನಮ್ಮ ಬೆಂಗಳೂರಿನಲ್ಲೇ ಕೊಳಲು ಬಲ್ಲ ಎಂಜಿನಿಯರ್ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ಇಂದು ಅಂಥ ತಂಬೂರಿ ಇಲ್ಲದ ಕಛೇರಿ ಅಪರೂಪ.

ಕೀಬೋರ್ಡಿನ ಕಷ್ಟ ಇಲ್ಲಿದೆ. ಅದರ ನಾದ ಹುಟ್ಟುವುದು ಮುಚ್ಚಿದ ಪೆಟ್ಟಿಗೆಯೊಳಗಿನ ಚಿಪ್ಪಿನಲ್ಲಿ. ಮ್ಯಾಂಡೊಲಿನ್ನಿಗೆ ತಂತಿ ಬದಲಿಸಿದಂತೆ ಕಲಾವಿದ ಅದನ್ನು ಬದಲಿಸಲಾರ. ತಯಾರಕರೇ ಮನಸ್ಸು ಮಾಡಬೇಕು. ಎಲ್ಲರ ಕಣ್ಣು ಹೊಸ ಮಾದರಿಗಳ ಮೇಲಿರುವುದು ಅದಕ್ಕೇ.

ಬೇಕಾದದ್ದು ಏನು?

ಮೊದಲನೆಯದು ಪಿಚ್ ಬೆಂಡ್ ಚಕ್ರ. ಕೀಬೋರ್ಡಿನ ಎಡಬದಿಯ ಈ ಪುಟ್ಟ ಚಕ್ರವನ್ನು ತಿರುಗಿಸಿದರೆ ಸ್ವರ ಮೇಲಕ್ಕೂ ಕೆಳಕ್ಕೂ ಜಾರುತ್ತದೆ. ಬಲಗೈಯಲ್ಲಿ ಸ್ವರ, ಎಡಗೈಯಲ್ಲಿ ಗಮಕ! ಚೆನ್ನೈನ ಕೆ. ಸತ್ಯನಾರಾಯಣನ್ ಕೀಬೋರ್ಡಿನಲ್ಲೇ ಪೂರ್ಣ ಕರ್ನಾಟಕ ಕಛೇರಿ ನಡೆಸಿ, ಇದು ಸಾಧ್ಯ ಎಂದು ತೋರಿಸಿದ್ದಾರೆ. ಎಲೆಕ್ಟ್ರಾನಿಕ್ ವಾದ್ಯಗಳ ಸಮಾನ ಭಾಷೆಯಾದ ‘ಮಿಡಿ’ ಬಂದದ್ದು 1983ರಲ್ಲಿ. ಅದರಲ್ಲಿ ಸ್ವರವನ್ನು ಬಾಗಿಸಲು 16,384 ಮೆಟ್ಟಿಲುಗಳಿವೆ. ಅಂದರೆ ವಿದ್ಯೆ ಹಳೆಯದೇ; ಅಗ್ಗದ ಪೆಟ್ಟಿಗೆಗಳಲ್ಲಿ ಚಕ್ರವಿಲ್ಲ, ಅಷ್ಟೆ. 2020ರಲ್ಲಿ ಅಂಗೀಕಾರವಾದ ‘ಮಿಡಿ 2.0’ ಇನ್ನೂ ಮುಂದೆ ಹೋಗಿ, ಒಟ್ಟಿಗೆ ನುಡಿಯುವ ಸ್ವರಗಳಲ್ಲಿ ಒಂದನ್ನು ಮಾತ್ರ ಬಾಗಿಸಲು ದಾರಿ ಮಾಡಿದೆ.

ಎರಡನೆಯದು ಶ್ರುತಿ ತಿದ್ದುವ ಸೌಲಭ್ಯ. ಪ್ರತಿ ಮನೆಯನ್ನೂ ಬೇಕಾದಷ್ಟು ಏರಿಸಿ ಇಳಿಸುವ ಅನುಕೂಲ ದುಬಾರಿ ಮಾದರಿಗಳಲ್ಲಿದೆ. ಅರಬ್ ಸಂಗೀತದ ಕಾಲು ಸ್ವರಗಳಿಗಾಗಿ ಕ್ಯಾಸಿಯೊ, ಯಮಹಾ ಎರಡೂ ವಿಶೇಷ ಕೀಬೋರ್ಡ್ ಮಾಡಿವೆ. ಅಲ್ಲಿಗೆ ಆದದ್ದು ಇಲ್ಲಿಗೇಕೆ ಆಗಬಾರದು?

ಮೂರನೆಯದು ತಾಳ. ನಾಲ್ಕು ಮತ್ತು ಮೂರರ ಲಯಗಳಿಗೆ ಬರವಿಲ್ಲ. ಆದರೆ ಏಳು ಅಕ್ಷರದ ಮಿಶ್ರ ಛಾಪು, ಐದರ ಖಂಡ ಛಾಪುಗಳನ್ನು ಕಲಿಯುವವರೇ ತುಂಬಿಸಿಕೊಳ್ಳುವಂತಿದ್ದರೆ ಎಷ್ಟು ಚೆನ್ನ!

ಭಾರತೀಯರಿಗೆಂದೇ ಬಂದ ಯಮಹಾ ಪಿಎಸ್‌ಆರ್-ಐ500, ಕ್ಯಾಸಿಯೊ ಸಿಟಿ-ಎಕ್ಸ್9000ಐಎನ್ ಮಾದರಿಗಳಲ್ಲಿ ತಬಲಾ, ಸಿತಾರ್, ತಂಬೂರಿಯ ದನಿಗಳಿವೆ, ಚಕ್ರವೂ ಇದೆ. ಇದು ಮೆಚ್ಚತಕ್ಕದ್ದೇ. ಆದರೆ ಮೊದಲ ವಾದ್ಯ ಕೊಳ್ಳುವ ಮನೆಯವರ ಕೈಗೆ ಎಟುಕುವುದು ಸಾಮಾನ್ಯವಾಗಿ ಅದಕ್ಕಿಂತ ಕೆಳಗಿನ ಮೆಟ್ಟಿಲು.

ಕೊಳ್ಳುವ ಮುನ್ನ

ಪೋಷಕರು ಗಮನಿಸಬೇಕಾದ ಒಂದು ಉದಾಹರಣೆ. ಕ್ಯಾಸಿಯೊ 2019ರಲ್ಲಿ ತಂದ ಸಿಟಿ-ಎಸ್200 ಮತ್ತು ಸಿಟಿ-ಎಸ್300 – ಎರಡರಲ್ಲೂ 61 ಮನೆ, ಎರಡರಲ್ಲೂ 400 ದನಿ. ಆದರೆ ಮೊದಲನೆಯದರಲ್ಲಿ ಚಕ್ರವಿಲ್ಲ. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ ಸದ್ದು. ಎರಡನೆಯದರಲ್ಲಿ ಚಕ್ರವೂ ಇದೆ, ಬೆರಳಿನ ಒತ್ತಡಕ್ಕೆ ತಕ್ಕ ಸದ್ದೂ ಬರುತ್ತದೆ. ದನಿಗಳ ಲೆಕ್ಕದಿಂದ ಈ ಭೇದ ತಿಳಿಯುವುದೇ ಇಲ್ಲ!

ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು: ಮನೆಗಳು ದೊಡ್ಡ ಅಳತೆಯವೇ, ಆಟಿಕೆಯ ಅಳತೆಯವೇ? ಒತ್ತಡಕ್ಕೆ ತಕ್ಕಂತೆ ಸದ್ದು ಏರಿಳಿಯುತ್ತದೆಯೇ? ಪಿಚ್ ಬೆಂಡ್ ಚಕ್ರ ಇದೆಯೇ? ಕಂಪ್ಯೂಟರಿಗೆ ಜೋಡಿಸಬಹುದೇ? ಗ್ರೇಡ್ ಪರೀಕ್ಷೆಗೆ ಕೂರುವ ಯೋಚನೆಯಿದ್ದರೆ ಆ ಸಂಸ್ಥೆಯ ಪಠ್ಯಕ್ರಮದಲ್ಲಿ ಎಂಥ ವಾದ್ಯ ಬೇಕೆಂದು ಮೊದಲೇ ನೋಡಿಕೊಳ್ಳಿ. ಗುರುಗಳನ್ನೇ ಜೊತೆಗೆ ಕರೆದೊಯ್ದರೆ ಇನ್ನೂ ಒಳ್ಳೆಯದು.

ವಿದ್ಯಾರ್ಥಿಗಳಿಗೂ ಒಂದು ಮಾತು. ಚಕ್ರವಿಲ್ಲದ ಕೀಬೋರ್ಡ್ ಈಗಾಗಲೇ ಮನೆಯಲ್ಲಿದ್ದರೆ ಬೇಸರ ಬೇಡ. ತಂಬೂರಿಯ ಶ್ರುತಿಗೆ ಮೊದಲು ಹಾಡಿ, ಆಮೇಲೆ ನುಡಿಸಿ. ಗಮಕ ಮೊದಲು ಹುಟ್ಟಬೇಕಾದದ್ದು ಕಂಠದಲ್ಲಿ, ಕಿವಿಯಲ್ಲಿ. ಅಲ್ಲಿ ಅದು ನೆಲೆಯಾದರೆ ಮುಂದೆ ಕೈಗೆ ಯಾವ ವಾದ್ಯ ಬಂದರೂ ದಾರಿ ಸಿಗುತ್ತದೆ.

ತಯಾರಕರು ಗಿರಾಕಿಗಳ ಪ್ರಶ್ನೆಗಳಿಗೆ ಕಿವಿಗೊಡುತ್ತಾರೆ. ನಾವು ‘ಎಷ್ಟು ದನಿ ಇವೆ?’ ಎಂದಷ್ಟೇ ಕೇಳುತ್ತಿದ್ದರೆ ನಾಳೆಯ ಮಾದರಿಯಲ್ಲಿ ಇನ್ನೂ ನೂರು ದನಿ ಸೇರಿಯಾವು. ‘ಗಮಕ ನುಡಿಯುತ್ತದೆಯೇ?’ ಎಂದು ನಾಲ್ಕು ಮಂದಿ ಕೇಳತೊಡಗಿದರೆ, ಆ ಪುಟ್ಟ ಚಕ್ರ ಅಗ್ಗದ ಪೆಟ್ಟಿಗೆಗೂ ಬಂದೀತು.