ವಸತಿ ನೆರವು ಅನರ್ಹರ ಪಾಲಾಗದಂತೆ ಗ್ರಾಮ ಸಭೆಯ ಕಾವಲು

ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಡಿ ಪಕ್ಕಾ ಮನೆ ಕಟ್ಟಿಕೊಳ್ಳಲು ಬಡ ಕುಟುಂಬವೊಂದಕ್ಕೆ ಬಯಲು ಪ್ರದೇಶಗಳಲ್ಲಿ 1,20,000 ರೂಪಾಯಿ, ಗುಡ್ಡಗಾಡು ಪ್ರದೇಶಗಳಲ್ಲಿ 1,30,000 ರೂಪಾಯಿ ನೆರವು ನೀಡಲಾಗುತ್ತದೆ. ಆದರೆ ಒಂದು ಪಂಚಾಯತಿಗೆ ವರ್ಷವೊಂದರಲ್ಲಿ ದೊರೆಯುವ ಮನೆಗಳು ಎಣಿಕೆಯವು. ಈಗಾಗಲೇ ಪಕ್ಕಾ ಮನೆಯಿರುವವನೊಬ್ಬ ಸುಳ್ಳು ವಿವರ ನೀಡಿ ಅದರಲ್ಲಿ ಒಂದನ್ನು ಪಡೆದರೆ, ಸರದಿಯಲ್ಲಿ ಅವನ ಹಿಂದೆ ನಿಂತಿದ್ದ ಕುಟುಂಬವು ಇನ್ನೊಂದು ಮಳೆಗಾಲವನ್ನು ಸೋರುವ ಗುಡಿಸಲಿನಲ್ಲೇ ಕಳೆಯಬೇಕಾಗುತ್ತದೆ. ಇಂಥ ವಂಚನೆಯಿಂದ ನಷ್ಟವಾಗುವುದು ಸರ್ಕಾರದ ಬೊಕ್ಕಸಕ್ಕೆ ಮಾತ್ರವಲ್ಲ, ಅದೇ ಊರಿನ, ಬಹುಶಃ ಅದೇ ಓಣಿಯ ಇನ್ನೊಂದು ಸಂಸಾರಕ್ಕೆ. ಇದನ್ನು ತಡೆಯುವ ಮೊದಲ ಅಧಿಕಾರವನ್ನು ಗ್ರಾಮ ಸಭೆಗೆ ವಹಿಸಿರುವುದರ ಹಿಂದಿನ ತರ್ಕವೂ ಇದೇ ಆಗಿದೆ.

ಹಿಂದಿನ ಅನುಭವ

1985ರಲ್ಲಿ ಪ್ರಾರಂಭವಾದ ಇಂದಿರಾ ಆವಾಸ್ ಯೋಜನೆಯು 1996ರ ಜನವರಿ 1ರಿಂದ ಸ್ವತಂತ್ರ ಯೋಜನೆಯಾಯಿತು. ಫಲಾನುಭವಿಗಳನ್ನು ಗ್ರಾಮ ಸಭೆಯೇ ಆರಿಸಬೇಕೆಂಬ ನಿಯಮ ಅದರಲ್ಲಿಯೂ ಇತ್ತು. ಆದರೆ ನಿಯಮಕ್ಕೂ ಆಚರಣೆಗೂ ಅಂತರವಿತ್ತು. ಭಾರತದ ಮಹಾಲೇಖಪಾಲರು ಈ ಯೋಜನೆಯನ್ನು ಕುರಿತು 2014ರಲ್ಲಿ ನೀಡಿದ ವರದಿಯಲ್ಲಿ, ಗ್ರಾಮ ಸಭೆಯನ್ನು ಒಳಗೊಳ್ಳದೆ ಆಯ್ಕೆ ನಡೆದಿದ್ದ ಮತ್ತು ಅನರ್ಹರಿಗೆ ನೆರವು ಸಂದಿದ್ದ ಪ್ರಕರಣಗಳು ದಾಖಲಾಗಿವೆ. ಈ ಲೋಪಗಳನ್ನು ಗಮನದಲ್ಲಿಟ್ಟುಕೊಂಡು 2016ರಲ್ಲಿ ಈಗಿನ ಯೋಜನೆಯನ್ನು ರೂಪಿಸಲಾಯಿತು.

ವಂಚನೆಯ ಬಗೆಗಳು ಹಲವು. ಒಂದೇ ಸೂರಿನಡಿ ಉಣ್ಣುವ ತಂದೆ ಮಗ ಕಾಗದದಲ್ಲಿ ಮಾತ್ರ ಬೇರೆಯಾಗಿ ಎರಡು ಕುಟುಂಬಗಳೆನಿಸಿಕೊಳ್ಳುವುದುಂಟು. ತನ್ನ ಮನೆಯನ್ನು ಮರೆಮಾಚಿ ದನದ ಕೊಟ್ಟಿಗೆಯ ಮುಂದೆ ನಿಂತು ಅದನ್ನೇ ವಾಸದ ಮನೆಯೆಂದು ತೋರಿಸುವುದುಂಟು. ಹಳೆಯ ಗೋಡೆಗೆ ಸುಣ್ಣ ಬಳಿದು ಹೊಸ ಮನೆಯೆಂದು ಬಿಲ್ಲು ಮಾಡಿಸುವುದು, ಒಂದೇ ಹೆಸರಿನ ಇಬ್ಬರಿದ್ದಲ್ಲಿ ಅರ್ಹನ ಹಣವನ್ನು ಮತ್ತೊಬ್ಬನ ಖಾತೆಗೆ ತಿರುಗಿಸುವುದು ಇನ್ನು ಕೆಲವು. ಇವುಗಳಲ್ಲಿ ಕಡೆಯವೆರಡು ಕಚೇರಿಯ ಒಳಗಿನವರ ಸಹಕಾರವಿಲ್ಲದೆ ನಡೆಯಲಾರವು ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಪಟ್ಟಿಯ ಪರಿಶೀಲನೆ

ಈಗಿನ ವ್ಯವಸ್ಥೆಯಲ್ಲಿ ಮೊದಲ ಪಟ್ಟಿಯನ್ನು ತಯಾರಿಸುವವರು ಊರಿನ ಮುಖಂಡರಲ್ಲ. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯ ಅಂಕಿಅಂಶಗಳಿಂದ ಮನೆಯಿಲ್ಲದವರನ್ನೂ, ಎರಡು ಕೋಣೆಗಳವರೆಗಿನ ಕಚ್ಚಾ ಮನೆಗಳಲ್ಲಿ ವಾಸಿಸುವವರನ್ನೂ ಗುರುತಿಸಿ ಆದ್ಯತೆಯ ಕ್ರಮದಲ್ಲಿ ಪಟ್ಟಿ ಮಾಡಲಾಯಿತು. ಅದರಲ್ಲಿ ಬಿಟ್ಟುಹೋದವರಿಗಾಗಿ 2018-19ರಲ್ಲಿ ‘ಆವಾಸ್ ಪ್ಲಸ್’ ಸಮೀಕ್ಷೆ ನಡೆಯಿತು. ಹೀಗೆ ಮೇಲಿನಿಂದ ಬಂದ ಪಟ್ಟಿಯನ್ನು ಗ್ರಾಮ ಸಭೆಯ ಮುಂದಿಟ್ಟು ಓದಲಾಗುತ್ತದೆ. ಗಣತಿಯ ಬಳಿಕ ಪಕ್ಕಾ ಮನೆ ಕಟ್ಟಿಕೊಂಡವರು, ಬೇರೆ ಯೋಜನೆಯಲ್ಲಿ ಮನೆ ಪಡೆದವರು, ತಪ್ಪು ಮಾಹಿತಿಯಿಂದ ಸೇರಿದವರು ಇದ್ದರೆ ಕಾರಣ ದಾಖಲಿಸಿ ಅವರ ಹೆಸರನ್ನು ತೆಗೆಯುವ ಅಧಿಕಾರ ಸಭೆಗಿದೆ. ತೆಗೆದುದು ಸರಿಯಲ್ಲವೆನಿಸಿದರೆ ಮೇಲ್ಮನವಿ ಸಮಿತಿಗೆ ದೂರು ಸಲ್ಲಿಸಬಹುದು.

ಗಣಕಯಂತ್ರಕ್ಕೆ ತಿಳಿಯದ ಸಂಗತಿ ನೆರೆಯವರಿಗೆ ತಿಳಿದಿರುತ್ತದೆ. ಯಾರ ಒಲೆ ಬೇರೆ, ಯಾರದು ಒಂದೇ. ಯಾರ ತಾರಸಿ ಮನೆ ಅಣ್ಣನ ಹೆಸರಿನಲ್ಲಿದೆ ಎಂಬುದು ಊರಿಗೆಲ್ಲ ಗೊತ್ತು. ಆದರೆ ಗೊತ್ತಿರುವುದು ಬೇರೆ, ಎದ್ದು ನಿಂತು ಹೇಳುವುದು ಬೇರೆ. ಸಾಲ ಕೊಟ್ಟವನ, ಕೂಲಿ ಕೊಡುವವನ ಹೆಸರು ಓದಿದಾಗ ಸಭೆ ಮೌನವಾಗಿರುವುದು ಸಹಜ. ಸಭೆಗೆ ಮುಂಚಿತವಾಗಿಯೇ ಪಟ್ಟಿಯು ಎಲ್ಲರ ಕಣ್ಣಿಗೆ ಬೀಳುವಂತಿದ್ದು, ಆಕ್ಷೇಪಣೆಯನ್ನು ಬರಹದಲ್ಲಿ ಕೊಡಲು ಅವಕಾಶವಿದ್ದಲ್ಲಿ ಈ ಅಂಜಿಕೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ.

ನಿಯಮವೇ ಸುಳ್ಳು ಹೇಳಿಸುವ ಸಂದರ್ಭವೂ ಇತ್ತು. ಮನೆಯಲ್ಲಿ ದ್ವಿಚಕ್ರ ವಾಹನವಿದ್ದರೆ, ಇಲ್ಲವೇ ಸದಸ್ಯರೊಬ್ಬರ ತಿಂಗಳ ಆದಾಯ 10,000 ರೂಪಾಯಿ ಮೀರಿದ್ದರೆ ಆ ಕುಟುಂಬ ಅನರ್ಹವೆನಿಸುತ್ತಿತ್ತು. ಕೆಲಸಕ್ಕೆ ಹೋಗಲೆಂದು ಕೊಂಡ ಹಳೆಯ ಮೊಪೆಡ್ಡನ್ನು ಗುಡಿಸಲಿನವನು ಬಚ್ಚಿಡಬೇಕಾದರೆ ಅವನನ್ನು ವಂಚಕನೆನ್ನುವುದು ಕಷ್ಟ. 2024ರಲ್ಲಿ ಈ ಷರತ್ತುಗಳನ್ನು ಸಡಿಲಿಸಿ ದ್ವಿಚಕ್ರ ವಾಹನದ ನಿರ್ಬಂಧವನ್ನು ಕೈಬಿಡಲಾಯಿತು; ಆದಾಯದ ಮಿತಿಯನ್ನು 15,000 ರೂಪಾಯಿಗೆ ಏರಿಸಲಾಯಿತು.

ಛಾಯಾಚಿತ್ರ ಮತ್ತು ಖಾತೆ

ಮಂಜೂರಾತಿಗೆ ಮೊದಲು ಫಲಾನುಭವಿಯು ತಾನು ವಾಸಿಸುತ್ತಿರುವ ಮನೆಯ ಮುಂದೆ ನಿಂತಿರುವ ಛಾಯಾಚಿತ್ರವನ್ನು ತೆಗೆಯಲಾಗುತ್ತದೆ. ಅನಂತರ ತಳಪಾಯ, ಗೋಡೆ, ಛಾವಣಿ ಹೀಗೆ ಕಾಮಗಾರಿಯ ಹಂತಗಳಲ್ಲಿ ತೆಗೆದ ಚಿತ್ರಗಳೊಡನೆ ಸ್ಥಳದ ಅಕ್ಷಾಂಶ, ರೇಖಾಂಶ ಮತ್ತು ದಿನಾಂಕಗಳೂ ತಾವಾಗಿಯೇ ದಾಖಲಾಗುತ್ತವೆ. ಹಣವನ್ನು ಕಂತುಗಳಲ್ಲಿ ನೇರವಾಗಿ ಬ್ಯಾಂಕ್ ಅಥವಾ ಅಂಚೆ ಖಾತೆಗೆ ಜಮಾ ಮಾಡಲಾಗುತ್ತದೆ. ಕಾಮಗಾರಿಯನ್ನು ಗುತ್ತಿಗೆದಾರರಿಗೆ ವಹಿಸುವಂತಿಲ್ಲ. ಸುಣ್ಣ ಬಳಿದ ಹಳೆಯ ಗೋಡೆ ಈ ಕ್ರಮದಲ್ಲಿ ಸುಲಭವಾಗಿ ಸಿಕ್ಕಿಬೀಳುತ್ತದೆ.

ಆದರೂ ಛಾಯಾಚಿತ್ರವು ಮನೆ ಎಲ್ಲಿದೆ ಎಂದು ಹೇಳಬಲ್ಲದೇ ಹೊರತು ಅದು ಯಾರದೆಂದು ಹೇಳಲಾರದು. ಖಾತೆಗೆ ಹಣ ಬಂದ ಮರುದಿನ ಮಧ್ಯವರ್ತಿ ಬಾಗಿಲಿಗೆ ಬಂದು ಪಾಲು ಕೇಳುವುದನ್ನೂ ಅದು ಕಾಣಲಾರದು. ಪ್ರತಿ ಪಂಚಾಯತಿಯಲ್ಲಿ ವರ್ಷಕ್ಕೊಮ್ಮೆಯಾದರೂ ಸಾಮಾಜಿಕ ಪರಿಶೋಧನೆ ನಡೆಯಬೇಕೆಂದು ಗೊತ್ತುಪಡಿಸಿರುವುದು ಈ ಕೊರತೆಯನ್ನು ತುಂಬಲೆಂದೇ. ಪರಿಶೋಧಕರು ಕಡತವನ್ನು ಹಿಡಿದು ಮನೆಮನೆಗೆ ಹೋಗಿ, ಕಾಗದದಲ್ಲಿರುವ ಹೆಸರಿನವರು ಆ ಮನೆಯಲ್ಲಿ ಇದ್ದಾರೆಯೇ, ಹಣ ಪೂರ್ತಿ ಕೈಸೇರಿದೆಯೇ ಎಂದು ವಿಚಾರಿಸಿ ಗ್ರಾಮ ಸಭೆಗೆ ವರದಿ ಒಪ್ಪಿಸುತ್ತಾರೆ. ತಪ್ಪು ಮಾಹಿತಿ ನೀಡಿ ಪಡೆದ ಹಣವನ್ನು ವಾಪಸು ವಸೂಲು ಮಾಡಬಹುದಾಗಿದೆ. ಉದ್ದೇಶಪೂರ್ವಕ ವಂಚನೆಯು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 318ನೆಯ ಪ್ರಕರಣದಡಿ ಅಪರಾಧ. ಲಂಚ ಪಡೆದ ನೌಕರನಿಗೆ 1988ರ ಭ್ರಷ್ಟಾಚಾರ ನಿರ್ಬಂಧಕ ಕಾಯಿದೆ ಅನ್ವಯಿಸುತ್ತದೆ.

ನೆರೆಹೊರೆಯಿಲ್ಲದ ಕಡೆ

ನೆರೆಯವರ ಕಣ್ಣಿಗೆ ಬೀಳದ ಪಟ್ಟಿ ಎಷ್ಟು ದುರ್ಬಲವೆಂಬುದಕ್ಕೆ ಮುಂಬಯಿಯ ಒಂದು ಪ್ರಕರಣ ಗಮನಾರ್ಹ. ಯೋಜನೆಯ ನಗರ ವಿಭಾಗದಲ್ಲಿ ಗೃಹಸಾಲಕ್ಕೆ ಬಡ್ಡಿ ಸಹಾಯಧನ ನೀಡಲಾಗುತ್ತಿತ್ತು. ಗೃಹಸಾಲ ಸಂಸ್ಥೆಯೊಂದು ಅಸ್ತಿತ್ವದಲ್ಲೇ ಇಲ್ಲದ ಬಾಂದ್ರಾ ಶಾಖೆಯ ಹೆಸರಿನಲ್ಲಿ ಸುಮಾರು 2.60 ಲಕ್ಷ ಸುಳ್ಳು ಖಾತೆಗಳನ್ನು ಸೃಷ್ಟಿಸಿ, ಅವುಗಳಲ್ಲಿ ಹಲವಕ್ಕೆ ಈ ಸಹಾಯಧನ ಕೋರಿತ್ತೆಂಬ ಆರೋಪದ ಮೇಲೆ ಕೇಂದ್ರ ತನಿಖಾ ದಳವು 2021ರಲ್ಲಿ ಮೊಕದ್ದಮೆ ದಾಖಲಿಸಿತು. ಆ ಹೆಸರುಗಳನ್ನು ಯಾವ ಸಭೆಯ ಮುಂದೆಯೂ ಓದುವ ಕ್ರಮವಿರಲಿಲ್ಲ.

ಬೀಗ ಹಾಕಿದ ಮನೆಗಳು

ಕಟ್ಟುನಿಟ್ಟಿನ ಪರಿಶೀಲನೆಗೆ ಇನ್ನೊಂದು ಮುಖವಿದೆ. ಊರಿನಿಂದ ಶಾಶ್ವತವಾಗಿ ವಲಸೆ ಹೋದ ಕುಟುಂಬದ ಹೆಸರನ್ನು ಪಟ್ಟಿಯಿಂದ ತೆಗೆಯಬಹುದೆಂಬ ನಿಯಮವಿದೆ. ಆದರೆ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಮುಂಬಯಿ, ಪುಣೆಗಳಿಗೆ ಕಟ್ಟಡ ಕೆಲಸಕ್ಕೆ ಹೋಗುವವರಲ್ಲಿ ಅನೇಕರು ಸುಗ್ಗಿ ಮುಗಿಸಿ ಹೊರಟು, ಮುಂಗಾರಿನ ಹೊತ್ತಿಗೆ ಮರಳುವವರು. ಪರಿಶೀಲನೆಗೆ ಬಂದ ದಿನ ಬಾಗಿಲಿಗೆ ಬೀಗ ಕಂಡು ‘ವಲಸೆ’ ಎಂದು ಬರೆದುಬಿಟ್ಟರೆ ಮನೆ ತಪ್ಪಿಹೋಗುವುದು ವಂಚಕನಿಗಲ್ಲ, ಬೇರೆಯವರ ಮನೆ ಕಟ್ಟಲು ಹೋದ ಕೂಲಿಯವನಿಗೆ. ಅನರ್ಹನನ್ನು ತೆಗೆಯುವಷ್ಟೇ ಎಚ್ಚರವು ಅರ್ಹನನ್ನು ಉಳಿಸಿಕೊಳ್ಳುವಲ್ಲಿಯೂ ಅಗತ್ಯವೆನಿಸುವುದು ಇಲ್ಲಿಯೇ.

ಹೊರ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಎರಡು ರೀತಿಯಲ್ಲಿ ಸಂಬಂಧಿಸಿದೆ. ಋತುಮಾನದ ವಲಸೆಗಾರರು ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ ತಾವು ಮರಳುವ ಕಾಲವನ್ನು ಬರಹದಲ್ಲಿ ತಿಳಿಸಿ, ಅರ್ಜಿಗೆ ಸ್ವೀಕೃತಿ ಪಡೆದಿಟ್ಟುಕೊಳ್ಳುವುದು ಒಳಿತು. ಹೆಸರು ತೆಗೆಯಲಾಗಿದ್ದರೆ ಅದಕ್ಕೆ ದಾಖಲಿಸಿದ ಕಾರಣದ ನಕಲನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕೇಳಬಹುದು. ನಗರದಲ್ಲಿಯೇ ನೆಲೆಸಿ ಅಲ್ಲಿನ ಪುರಸಭೆ ಅಥವಾ ಮಹಾನಗರಪಾಲಿಕೆಯ ಮೂಲಕ ನೆರವು ಕೋರುವವರು ಗಮನಿಸಬೇಕಾದುದು ಬೇರೆ: ಪತಿ, ಪತ್ನಿ ಮತ್ತು ಅವಿವಾಹಿತ ಮಕ್ಕಳಲ್ಲಿ ಯಾರೊಬ್ಬರ ಹೆಸರಿನಲ್ಲಿಯಾದರೂ ಭಾರತದ ಯಾವುದೇ ಭಾಗದಲ್ಲಿ ಪಕ್ಕಾ ಮನೆ ಇರಕೂಡದು. ಊರಿನಲ್ಲಿ ತಮ್ಮ ಹೆಸರಿಗೆ ಬಂದಿರುವ ಹಿರಿಯರ ಪಕ್ಕಾ ಮನೆಯೂ ಈ ಲೆಕ್ಕಕ್ಕೆ ಬರುವುದರಿಂದ ಅರ್ಜಿಯಲ್ಲಿ ಅದನ್ನು ಕಾಣಿಸಬೇಕು.